ನಾಲಿಗೆ ನೋಡುವ ಆಪ್: ಆ 98% ಯಾವುದಕ್ಕೆ?

ಪ್ರಾಜೆಕ್ಟ್ ಐಡಿಯಾ ಹುಡುಕೋ ಸೀಸನ್ ಬಂದ್ರ ಸಾಕು, ಯಾರಾದ್ರೂ ಒಬ್ರು 'ನಾಲಿಗೆ ಫೋಟೋದಿಂದ ರೋಗ ಪತ್ತೆ' ಅಂತ ಹೇಳೇ ಹೇಳ್ತಾರ. ಇದಕ್ಕೆ ಜೋರು ಬಂದಿದ್ದು 2024ರಲ್ಲಿ. ಬಾಗ್ದಾದ್‌ನ ಮಿಡ್ಲ್ ಟೆಕ್ನಿಕಲ್ ಯೂನಿವರ್ಸಿಟಿ ಮತ್ತು ಯೂನಿವರ್ಸಿಟಿ ಆಫ್ ಸೌತ್ ಆಸ್ಟ್ರೇಲಿಯಾದ ಸಂಶೋಧಕರು ಒಂದು ಮಾಡೆಲ್ ಮಾಡಿದರು. ಅದು 98% ಸರಿಯಾಗಿ ರೋಗ ಹೇಳ್ತೈತಿ ಅಂತ ಸುದ್ದಿ ಆಯ್ತು. ಆದರೆ ಆ ಮಾಡೆಲ್ ಕಲಿತಿದ್ದು 5,260 ಚಿತ್ರಗಳಿಂದ ಏಳು ಬಣ್ಣ ಗುರುತಿಸೋದನ್ನ. 98% ಬಂದಿದ್ದು ಬಣ್ಣಕ್ಕೆ. ಆಸ್ಪತ್ರೆಯಲ್ಲಿ ತೆಗೆದ ನಾಲಿಗೆ ಫೋಟೋ ಬರೀ 60. ಬಣ್ಣ ಹೇಳೋದು ಬ್ಯಾರೆ, ರೋಗ ಹೇಳೋದು ಬ್ಯಾರೆ ಅಲ್ಲೇನ್ರಿ?

ನಾಲಿಗೆ ನೋಡೋದೇ ಸುಳ್ಳು ಅಂತ ನಾನು ಹೇಳ್ತಿಲ್ಲ. ಚೀನೀ ವೈದ್ಯದಲ್ಲಿ ತುದಿ ಅಂದ್ರ ಹೃದಯ, ಅಂಚು ಅಂದ್ರ ಯಕೃತ್ತು, ಬುಡ ಅಂದ್ರ ಮೂತ್ರಪಿಂಡ ಅಂತ ಒಂದು ನಕಾಶೆನೇ ಐತಿ. ನಮ್ಮ ಆಯುರ್ವೇದದ ಅಷ್ಟಸ್ಥಾನ ಪರೀಕ್ಷೆಯಲ್ಲಿ ನಾಡಿ, ಮಲ, ಮೂತ್ರದ ಜೊತೆಗೆ ಜಿಹ್ವೆನೂ ಬರುತ್ತೆ. ಎಂಬಿಬಿಎಸ್ ಡಾಕ್ಟರೂ 'ಆ ಅನ್ನು' ಅಂತಾರ. ರಕ್ತ ಕಡಿಮೆ ಆದ್ರ ನಾಲಿಗೆ ಬಿಳಚಿಕೊಳ್ಳಬಹುದು, ಬಿ12 ಕೊರತೆ ಆದ್ರ ಕೆಂಪಾಗಿ ನುಣ್ಣಗಾಗಬಹುದು. ಆ ಅಂಗಾಂಗಗಳ ನಕಾಶೆಯನ್ನ ನಾನು ನಂಬಲ್ಲ, ಬಿಳಚಿದ ನಾಲಿಗೆಯನ್ನ ನಂಬ್ತೀನಿ. ಆದ್ರ ಸುಳಿವು ಅಂತ, ರಿಪೋರ್ಟ್ ಅಂತ ಅಲ್ಲ.

ಟಿಕೋಟಾ ಕಡೆ ದ್ರಾಕ್ಷಿ ಬೆಳೆಯೋರನ್ನ ಕೇಳಿ ನೋಡ್ರಿ. ಎಲಿ ಹಳದಿ ಆಗಿದ್ದು ಅವರಿಗೆ ಕಣ್ಣಿಗೇ ಕಾಣ್ತೈತಿ. ಆದ್ರೂ ಗೊಬ್ಬರಕ್ಕೆ ರೊಕ್ಕ ಸುರಿಯೋ ಮುಂಚೆ ಎಲೆಯ ತೊಟ್ಟು ಲ್ಯಾಬಿಗೆ ಕಳಿಸೋರಿದ್ದಾರ, ಪೆಟಿಯೋಲ್ ಟೆಸ್ಟ್ ಅಂತ. ಬಳ್ಳಿಗೆ ಅಷ್ಟು ಕಾಳಜಿ. ಅದೇ ತೋಟದಾಗ ಗೊನೆ ಕತ್ತರಿಸೋ ಹೆಣ್ಮಕ್ಕಳಿಗೆ ಮಾತ್ರ ಮೊಬೈಲ್ ಫೋಟೋ ಸಾಕಾ?

ಎನ್‌ಎಫ್‌ಎಚ್‌ಎಸ್-5 ಪ್ರಕಾರ ಕರ್ನಾಟಕದಾಗ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 47.8% ಜನರಿಗೆ ರಕ್ತಹೀನತೆ ಐತಿ. ಬಬಲೇಶ್ವರದ ಸಂತ್ಯಾಗ ನಮ್ಮ ಆಪ್ ಒಬ್ಬಾಕಿಗೆ 'ನಾರ್ಮಲ್' ಅಂತ ಹಸಿರು ಟಿಕ್ ತೋರಿಸಿದರ, ಆಕಿ ಸುಸ್ತು ಅಂತ ದವಾಖಾನಿಗೆ ಹೋಗೋದನ್ನೂ ಬಿಡಬಹುದು. ಇನ್ನು ಅಕ್ಯುರೆಸಿ ಅನ್ನೋದು ಮೋಸದ ನಂಬರ್. ನೂರರಾಗ ಐದು ಮಂದಿಗೆ ಇರೋ ರೋಗಕ್ಕೆ ಎಲ್ಲರಿಗೂ 'ಇಲ್ಲ' ಅಂತ ಪ್ರಿಂಟ್ ಮಾಡೋ ಒಂದು ಸಾಲಿನ ಕೋಡ್‌ಗೂ 95% ಬರ್ತೈತಿ! ವೈವಾದಾಗ ಇದನ್ನ ಯಾರೂ ಕೇಳಲ್ಲ, ಪಿಪಿಟಿ ಚಂದ ಇದ್ರ ಆಯ್ತು.

ಹಂಗಂತ ಪ್ರಾಜೆಕ್ಟ್ ಬಿಡಬೇಕಾಗಿಲ್ಲ. ವಿಜಯಪುರದಾಗ ಬಿಎಲ್‌ಡಿಇ ಸಂಸ್ಥೆಯ ಆಯುರ್ವೇದ ಕಾಲೇಜೂ ಐತಿ, ಮೆಡಿಕಲ್ ಕಾಲೇಜೂ ಐತಿ. ಇಂಥ ಅನುಕೂಲ ಎಷ್ಟು ಊರಾಗ ಸಿಗ್ತೈತಿ? ಅವರ ಎಥಿಕ್ಸ್ ಕಮಿಟಿ ಒಪ್ಪಿಗೆ ತಗೊಂಡು, ಒಂದೇ ನಾಲಿಗೆಯನ್ನ ಇಬ್ಬರು ವೈದ್ಯರಿಗೆ ಬ್ಯಾರೆ ಬ್ಯಾರೆ ತೋರಿಸಬೇಕು. ಇಬ್ಬರೂ ಒಂದೇ ಮಾತು ಹೇಳ್ತಾರೋ ಇಲ್ಲೋ? ಅವರೇ ಒಪ್ಪದಿದ್ರ ಮಷಿನ್‌ಗೆ ಏನಂತ ಲೇಬಲ್ ಕೊಡೋದು? ಒಪ್ಪಿದ್ರ ಅದನ್ನ ಹಿಮೋಗ್ಲೋಬಿನ್ ರಿಪೋರ್ಟ್ ಜೊತೆ ಇಟ್ಟು ನೋಡೋಣ. ಫೋಟೋ ತೆಗೆಯುವಾಗ ಪಕ್ಕದಾಗ ಒಂದು ಬಿಳಿ ಕಾರ್ಡ್ ಇರಲಿ, ಯಾಕಂದ್ರ ಟ್ಯೂಬ್‌ಲೈಟ್ ಕೆಳಗಿನ ನಾಲಿಗೆ ಬಿಸಿಲಾಗ ಅದೇ ಬಣ್ಣ ಕಾಣಲ್ಲ. ಮತ್ತ ಎಲಿ ಅಡಿಕಿ ಹಾಕಿಕೊಂಡು ಬಂದೋರನ್ನ ಅವತ್ತು ವಾಪಸ್ ಕಳಿಸ್ರಿ.