ನಿಂತ ಬಂಡಿ ಕೆಡುತ್ತದೆ

ಹಳೆಯ ಮೋಟಾರ್ ಸೈಕಲ್ಲನ್ನು ಉಜ್ಜಿ, ಹೊಳಪೇರಿಸಿ ಪಡಸಾಲೆಯಲ್ಲಿ ನಿಲ್ಲಿಸಿಕೊಳ್ಳುವ ಹವ್ಯಾಸ ಈಗ ಊರೂರಿಗೂ ಬಂದಿದೆ. ನೋಡಲು ಚೆಂದವಾದರೂ ಅದು ಬಂಡಿಗೆ ಸಲ್ಲುವ ಮರ್ಯಾದೆಯೆಂದು ನನಗೆ ಅನ್ನಿಸುವುದಿಲ್ಲ. ಓಡಲೆಂದು ಹುಟ್ಟಿದ್ದನ್ನು ಓಡಿಸಬೇಕು. ಸಾಧ್ಯವಾದರೆ ಆಪ್ತ ಗೆಳೆಯನೊಬ್ಬನ ಸಂಗಡ ಓಡಿಸಬೇಕು.

ಸೊಲ್ಲಾಪುರ ಸೀಮೆಯ ನನ್ನ ಓರಗೆಯವರಿಗೆ ಹಳೆಯ ಬಂಡಿಯೆಂದರೆ ಮೊದಲು ನೆನಪಾಗುವುದು ಜಾವಾ ಮತ್ತು ಯೆಜ್ದಿ. ಚೆಕ್ ಉದ್ಯಮಿ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯನ್ನು ಕೊಂಡಾಗ ಎರಡೂ ಹೆಸರುಗಳ ಮೊದಲ ಅಕ್ಷರಗಳು ಕೂಡಿ ‘ಜಾವಾ’ ಆಯಿತು. 1961ರಲ್ಲಿ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದರ ನಿರ್ಮಾಣ ಆರಂಭವಾಯಿತು. ಮುಂದೆ ಯೆಜ್ದಿ ಎಂಬ ಹೆಸರು ತಳೆದು, 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಅದು ಮುಂದುವರಿಯಿತು. ಎರಡು ದೇಶಗಳ ಹೆಸರು ಹೊತ್ತು ಮೈಸೂರಿನಲ್ಲಿ ಹುಟ್ಟಿದ ಈ ಬಂಡಿಯನ್ನು ನಮ್ಮ ಗಡಿನಾಡಿನಲ್ಲಿ ಯಾರೂ ಪರಕೀಯವೆಂದು ಕಾಣಲಿಲ್ಲ.

ಇದರ ರಚನೆ ಸರಳ. ಎರಡು ಸ್ಟ್ರೋಕಿನ 250 ಸಿಸಿ ಎಂಜಿನು, ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ, ಎಡಬಲಕ್ಕೆ ಒಂದೊಂದು ಸೈಲೆನ್ಸರು. ಕಿಕ್ ಹೊಡೆಯುವ ಸಲಾಕೆಯೇ ಗೇರು ಬದಲಿಸುವ ಸಲಾಕೆಯೂ ಹೌದು. ಆದರೆ ತಿಂಗಳುಗಟ್ಟಲೆ ನಿಲ್ಲಿಸಿದರೆ ಟಾಕಿಗೆ ತುಕ್ಕು ಹಿಡಿಯುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲು ಅಂಟಾಗುತ್ತದೆ, ರಬ್ಬರು ಒಣಗಿ ಬಿರಿಯುತ್ತದೆ. ಸವೆತಕ್ಕೆ ಮದ್ದುಂಟು, ನಿಂತು ಕೆಡುವುದು ಮಾತ್ರ ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಇನ್ನು ಗೆಳೆತನದ ಮಾತು. ಒಂದೇ ಬಂಡಿಯ ಮೇಲೆ ಇಬ್ಬರು ಹೊರಟರೆ ಒಬ್ಬ ಓಡಿಸುತ್ತಾನೆ, ಇನ್ನೊಬ್ಬ ಕೂತಿರುತ್ತಾನೆ. ಎರಡು ಹಳೆಯ ಬಂಡಿಗಳ ಮೇಲೆ ಹೊರಟವರಿಗೆ ಪರಸ್ಪರ ಕಾಯದೆ ಗತಿಯಿಲ್ಲ. ಹಿಂದಿನವನ ಸಪ್ಪಳ ಕೇಳದಿದ್ದರೆ ಮುಂದಿನವನು ನಿಲ್ಲಲೇಬೇಕು. ಮರಾಠಿ ಮನೆಮಾತಿನ ನನ್ನ ಗೆಳೆಯನೊಡನೆ ಅಕ್ಕಲಕೋಟೆಯ ದಾರಿಯಲ್ಲೋ ಭೀಮೆಯ ದಂಡೆಯವರೆಗೋ ಹೋಗುವಾಗ ಮಾತಿಗೆ ಆಸ್ಪದವೇ ಇರುವುದಿಲ್ಲ. ಪ್ಲಗ್ಗು ಕಪ್ಪಿಟ್ಟು ಬಂಡಿ ನಿಂತಾಗ ಅವನು “ಪಾನಾ ದೇ” ಎನ್ನುತ್ತಾನೆ, ನಾನು “ತಗೋ” ಎನ್ನುತ್ತೇನೆ. ‘ಪಾನಾ’ ಯಾರ ಭಾಷೆಯ ಶಬ್ದವೆಂದು ಇಬ್ಬರೂ ಕೇಳಿದ್ದಿಲ್ಲ. ಗಡಿಯ ಕುರಿತ ಭಾಷಣಗಳು ತಲುಪದ ತಿಳಿವಳಿಕೆಯೊಂದು ಅಲ್ಲಿ ತಾನಾಗಿಯೇ ಇದೆ.

ಎಣ್ಣೆ ಸುಡುವ ಈ ಬಂಡಿಗಳು ಹೊಗೆಯುಗುಳುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ನಿತ್ಯದ ಓಡಾಟಕ್ಕೆ ಅವನ್ನು ಬಳಸಬೇಕೆಂದು ನಾನು ವಾದಿಸಲಾರೆ. ಐವತ್ತು ವರ್ಷ ಮೀರಿದ ಬಂಡಿಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಆ ನೋಂದಣಿ ಪಡೆದವು ದಿನಬಳಕೆಗೆ ಸಲ್ಲವು, ಆದರೆ ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗಾಗಿ ರಸ್ತೆಗಿಳಿಯಬಹುದು. ಹದಿನೈದು ವರ್ಷ ದಾಟಿದ ಇತರ ಖಾಸಗಿ ಬಂಡಿಗಳನ್ನು ತಪಾಸಣೆಗೊಡ್ಡಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು. ಕಾನೂನಿನೊಳಗೆ, ಮಿತವಾಗಿ, ಆದರೆ ತಪ್ಪದೆ ಓಡಿಸಲು ಇಷ್ಟು ಅವಕಾಶ ಸಾಕು.

ಬಂಡಿಗಿಂತ ಬೇಗ ಮರೆಯಾಗುತ್ತಿರುವವರು ಅದನ್ನು ಬಲ್ಲ ಮಿಸ್ತ್ರಿಗಳು. ಸಪ್ಪಳ ಕೇಳಿಯೇ ದೋಷ ಗುರುತಿಸುವ ಈ ಹಿರಿಯರ ಬಾಯಲ್ಲಿ ಕನ್ನಡ, ಮರಾಠಿ, ದಖನಿ ಕಲೆತ ಶಬ್ದಸಂಪತ್ತೊಂದಿದೆ. ಅದು ಉಳಿಯಬೇಕಾದರೆ ಅವರ ಕೈಗೆ ಕೆಲಸ ಬರುತ್ತಿರಬೇಕು, ಅಂದರೆ ಬಂಡಿಗಳು ಓಡುತ್ತಿರಬೇಕು. ನಮ್ಮ ವಿಭಾಗದ ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮೂರಿನ ಹಳೆಯ ಗ್ಯಾರೇಜಿನಲ್ಲಿ ನಾಲ್ಕು ದಿನ ಕುಳಿತು ಬಿಡಿಭಾಗಗಳ, ಉಪಕರಣಗಳ, ಸಪ್ಪಳಗಳ ಹೆಸರುಗಳನ್ನು ಬರೆದುಕೊಂಡು ಬರಲಿ. ಯಾವ ಶಬ್ದ ಯಾವ ಭಾಷೆಯದೆಂದು ಆಮೇಲೆ ಚರ್ಚಿಸೋಣ. ಮೊದಲು ಎಲ್ಲಕ್ಕೂ ಒಂದೇ ವಹಿಯಲ್ಲಿ ಜಾಗವಿರಲಿ.