ಹೇಮೆಯ ಹಿನ್ನೀರಿನಲ್ಲೊಂದು ಇಗರ್ಜಿ



ರಜೆ ಬಂತೆಂದರೆ ಮಕ್ಕಳು ಪ್ರವಾಸದ ಮಾತು ತೆಗೆಯುವುದು ಸಹಜ. ದೂರದ ಊರುಗಳ ಪಯಣಕ್ಕೆ ಬೇಕಾದ ಹಣ ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು, ಅಲ್ಪ ವೆಚ್ಚದಲ್ಲಿ ಒಂದೇ ದಿನ ನೋಡಿಬರಬಹುದಾದ ತಾಣವೊಂದು ನಮ್ಮ ಜಿಲ್ಲೆಯಲ್ಲಿಯೇ ಇದೆ. ಅದು ಹಾಸನದಿಂದ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯ ಇಗರ್ಜಿ.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಇದನ್ನು ಕಟ್ಟಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುತ್ತಾರೆ. 1979ರಲ್ಲಿ ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಿತು. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದ ಹಿನ್ನೀರು ಹಲವು ಹಳ್ಳಿಗಳನ್ನು ನುಂಗಿತು. ಜನ ಬೇರೆಡೆಗೆ ಹೋದರು. ಇಗರ್ಜಿ ಮಾತ್ರ ಉಳಿಯಿತು. ಇಂದು ಅದಕ್ಕೆ ಮಾಡಿಲ್ಲ. ಕಮಾನುಗಳು, ಬಿರಿದ ಗೋಡೆಗಳಷ್ಟೇ ಇವೆ. ಬೇಸಿಗೆಯಲ್ಲಿ ಕಾಲ್ನಡಿಗೆಯಲ್ಲಿಯೇ ಒಳಹೋಗಬಹುದು. ಮಳೆಗಾಲದಲ್ಲಿ ನೀರೇರಿದಾಗ ಅರ್ಧ ಮುಳುಗಿದ ಗೋಡೆಗಳ ಬಳಿಗೆ ಸ್ಥಳೀಯರು ಹರಿಗೋಲಿನಲ್ಲಿ ಕರೆದೊಯ್ಯುವುದುಂಟು.

ಪರಮತದವರ ಗುಡಿಯಿಂದ ನಮಗೇನೆಂದು ಕೇಳಬೇಡಿ. ಕೃಷ್ಣಾ-ಮಲಪ್ರಭೆಯರ ಕೂಡಲಸಂಗಮಕ್ಕೂ ಹಿನ್ನೀರು ಬಂದಿತ್ತು. ಅಲ್ಲಿ ಬಸವಣ್ಣನವರ ಐಕ್ಯಮಂಟಪದ ಸುತ್ತ ಗೋಡೆ ಕಟ್ಟಿ ಉಳಿಸಿಕೊಂಡೆವು. ಶೆಟ್ಟಿಹಳ್ಳಿಯವರಿಗೆ ಆ ಭಾಗ್ಯ ದೊರೆಯಲಿಲ್ಲ. ನಮ್ಮ ಶ್ರದ್ಧೆಯ ತಾಣ ಮುಳುಗುವಾಗ ನಾವು ಪಟ್ಟ ಕಳವಳವೇ ಅವರ ಕಳವಳವೂ ಆಗಿದ್ದಿರಬೇಕಲ್ಲವೇ? ಸ್ಥಾವರ-ಜಂಗಮಗಳ ಭೇದವನ್ನು ಶರಣರು ಬೋಧಿಸಿದ್ದು ಇತರರ ನಷ್ಟವನ್ನು ಹಗುರವಾಗಿ ಕಾಣಲೆಂದಲ್ಲ. ಅಳಿಯುವ ಕಲ್ಲಿಗಿಂತ ಜೀವ ದೊಡ್ಡದೆಂದು ತಿಳಿಸಲೆಂದು.

ಇನ್ನೊಂದು ಮಾತು. ಹೇಮಾವತಿಯ ನಾಲೆಗಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹೊಲಗದ್ದೆಗಳಿಗೆ ನೀರುಣಿಸುತ್ತವೆ. ಆ ಬೆಳೆ ಉಣ್ಣುವ ನಾವು ಮನೆಮಠ ಬಿಟ್ಟುಕೊಟ್ಟವರ ಋಣಿಗಳು. ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ, ಪಡೆದ ಅನ್ನದ ಮೂಲವನ್ನು ನೆನೆಯುವುದೂ ಹೌದು. ಮಕ್ಕಳಿಗೆ ಇದನ್ನು ಆ ದಡದಲ್ಲಿಯೇ ನಿಂತು ತಿಳಿಸಿರಿ.

ಹೋಗುವವರು ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಜೀವರಕ್ಷಕ ಅಂಗಿ ಇಲ್ಲದ ಹರಿಗೋಲನ್ನು ಹತ್ತಬಾರದು. ಗಾಳಿ ಎದ್ದಾಗ, ಜನ ಹೆಚ್ಚಾದಾಗ ದಡದಿಂದಲೇ ನೋಡಿದರೆ ಸಾಕು. ಹಳೆಯ ಗೋಡೆಗಳನ್ನು ಏರುವುದು ಅಪಾಯ. ಅವುಗಳ ಮೇಲೆ ಹೆಸರು ಕೆತ್ತುವುದು, ಬುತ್ತಿಯ ಕಸವನ್ನು ನೀರಿಗೆ ಎಸೆಯುವುದು ಶರಣರ ಮನೆಯವರಿಗೆ ಶೋಭಿಸದು. ಆ ನೀರೇ ನಾಲೆಯಲ್ಲಿ ಹರಿದು ನಮ್ಮೂರಿಗೆ ಬರುತ್ತದೆ.