ಹೆಸರಿಗೆ ಕಾವಲು, ಕಸುಬಿಗೆ ಬೀಗ

ಲಂಡನ್ನಿಗೆ ಆರು ತಿಂಗಳು ಆನ್‌ಸೈಟ್ ಹೋಗಿ ಬಂದ ನಮ್ಮವರ ಬಾಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: "ಇಂಗ್ಲಿಷರಿಗೆ ಊಟ ಅನ್ನೋದೇ ಗೊತ್ತಿಲ್ಲ ಮಾರಾಯ್ರೆ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ." ಇದಕ್ಕೆ ಎದುರಾಗಿ ಇನ್ನೊಂದು ಬಣವಿದೆ. ಇವರು ವಾರದ ಕೊನೆಗೆ ಕಾಟ್ಸ್‌ವೋಲ್ಡ್ಸ್ ಕಡೆ ಹೋಗಿ, ಜೇನುಬಣ್ಣದ ಕಲ್ಲಿನ ಮನೆಗಳ ಫೋಟೋ ಹಾಕಿ, "ಹಳ್ಳಿಯನ್ನು ಹೇಗೆ ಉಳಿಸಿಕೊಂಡಿದ್ದಾರೆ ನೋಡಿ, ನಾವೂ ಇದ್ದೇವೆ" ಎಂದು ನಿಟ್ಟುಸಿರು ಬಿಡುತ್ತಾರೆ. ನನ್ನ ತಕರಾರು ಈ ಎರಡೂ ಬಣಗಳ ಮೇಲೆ. ಒಬ್ಬರು ತಟ್ಟೆಯನ್ನಷ್ಟೇ ನೋಡಿದರು, ಇನ್ನೊಬ್ಬರು ಹೊರಗಿನ ಚಂದವನ್ನಷ್ಟೇ ನೋಡಿದರು. ಆಹಾರವನ್ನು ಮಾಡುವವನು ಯಾರು, ಅವನು ಉಳಿದಿದ್ದಾನೆಯೇ ಎಂದು ಇಬ್ಬರೂ ಕೇಳಲಿಲ್ಲ.

ಮೊದಲು ತಮಾಷೆಯ ಮಾತು. ಇಂಗ್ಲೆಂಡಿನಲ್ಲಿ ಊರೂರಿಗೂ ತನ್ನದೇ ತಿನಿಸು ಇತ್ತು. ಲ್ಯಾಂಕಷೈರಿನ ಚೀಸ್‌ಗೆ ಎರಡು ಮೂರು ದಿನಗಳ ಹಾಲಿನ ಗಟ್ಟಿಯನ್ನು ಕೂಡಿಸುತ್ತಿದ್ದರು. ಕಾರಣ ಸರಳ: ಚಿಕ್ಕ ರೈತನ ಮನೆಯಲ್ಲಿ ಒಂದು ದಿನದ ಹಾಲು ಒಂದು ಚೀಸ್‌ಗೆ ಸಾಲುತ್ತಿರಲಿಲ್ಲ. ಯಾರ್ಕ್‌ಷೈರಿನ ವೇಕ್‌ಫೀಲ್ಡ್ ಸುತ್ತ ರೂಬಾರ್ಬ್ ಗಿಡವನ್ನು ಕತ್ತಲೆಯ ಷೆಡ್ಡಿನಲ್ಲಿ ಬೆಳೆಸಿ, ಮೇಣದ ಬತ್ತಿಯ ಬೆಳಕಿನಲ್ಲಿ ದಂಟು ಕೀಳುವ ಪದ್ಧತಿ ಇವತ್ತಿಗೂ ಇದೆ. ಬೆಳಕು ಬಿದ್ದರೆ ದಂಟು ಒರಟಾಗುತ್ತದೆ. ರುಚಿ ಗೊತ್ತಿಲ್ಲದ ಜನ ಇಷ್ಟು ಕಷ್ಟ ಪಡುವುದಿಲ್ಲ.

ಹಾಗಾದರೆ ಅದೆಲ್ಲ ಎಲ್ಲಿ ಹೋಯಿತು? ತಾನಾಗಿ ಹೋಗಲಿಲ್ಲ. 1604ರಿಂದ 1914ರ ನಡುವೆ ಪಾರ್ಲಿಮೆಂಟಿನಲ್ಲಿ 5,200ಕ್ಕೂ ಹೆಚ್ಚು ಬೇಲಿ ಕಾಯ್ದೆಗಳು ಪಾಸಾದವು. ಇಂಗ್ಲೆಂಡಿನ ಒಟ್ಟು ನೆಲದಲ್ಲಿ ಸುಮಾರು ಐದನೇ ಒಂದು ಭಾಗ ಈ ಕಾಯ್ದೆಗಳಿಂದ ಖಾಸಗಿ ಬೇಲಿಯೊಳಗೆ ಸೇರಿತು. ನಮ್ಮ ಗೋಮಾಳದಂಥ ಜಾಗದಲ್ಲಿ ಒಂದು ಹಸು ಮೇಯಿಸಿಕೊಂಡಿದ್ದ ಬಡವನ ಮನೆಯಿಂದ ಹಾಲು, ಬೆಣ್ಣೆ, ಚೀಸ್ ಒಟ್ಟಿಗೇ ಹೊರಟುಹೋದವು. 1851ರ ಜನಗಣತಿಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣವಾಸಿಗಳಾಗಿದ್ದರು. ಹಿತ್ತಿಲು ಇಲ್ಲ, ಹಸು ಇಲ್ಲ, ಅಡುಗೆಗೆ ಹೊತ್ತಿಲ್ಲ. ಗಿರಣಿ ಕೆಲಸಕ್ಕೆ ಹೋದ ತಾಯಿ ಮಗಳಿಗೆ ಅಡುಗೆ ಕಲಿಸುವುದು ಯಾವಾಗ?

ಉಳಿದದ್ದಕ್ಕೆ ಎರಡನೇ ಮಹಾಯುದ್ಧ ಬಂತು. 1940ರಿಂದ 1954ರವರೆಗೆ ರೇಷನ್. ಒಬ್ಬರಿಗೆ ವಾರಕ್ಕೆ ಸಾಮಾನ್ಯವಾಗಿ 2 ಔನ್ಸ್, ಅಂದರೆ 57 ಗ್ರಾಂ ಚೀಸ್. ಸರ್ಕಾರ ಹಾಲನ್ನೆಲ್ಲ ಒಟ್ಟುಗೂಡಿಸಿ, ಸಾಗಿಸಲು ಮತ್ತು ಇಡಲು ಸುಲಭವಾದ ಗಟ್ಟಿ ಚೀಸ್ ಮಾತ್ರ ಮಾಡಿಸಿತು. ಮೆದು ಚೀಸ್ ನಿಂತಿತು, ಸ್ಟಿಲ್ಟನ್ ನಿಂತಿತು. ಯುದ್ಧದ ಕಾಲಕ್ಕೆ ಅದು ಸರಿ. ಎಲ್ಲರಿಗೂ ಸಮನಾಗಿ ಹಂಚಿದ್ದರಿಂದ ಬಡವರ ಹೊಟ್ಟೆ ತುಂಬಿತು. ಆದರೆ ಹದಿನಾಲ್ಕು ವರ್ಷ ಮಾಡದೇ ಬಿಟ್ಟ ಕಸುಬಿಗೆ ಮತ್ತೆ ಕೈ ಹಾಕುವವರು ಯಾರು? ಮನೆಯಲ್ಲಿ ಚೀಸ್ ಮಾಡುವುದಕ್ಕಿಂತ, 1933ರಲ್ಲೇ ಸ್ಥಾಪನೆಯಾಗಿದ್ದ ಮಿಲ್ಕ್ ಮಾರ್ಕೆಟಿಂಗ್ ಬೋರ್ಡಿನ ಲಾರಿಗೆ ಹಾಲು ಸುರಿದು ಖಚಿತ ದುಡ್ಡು ಎಣಿಸುವುದೇ ರೈತನಿಗೆ ಲಾಭವಾಯಿತು. ನಮ್ಮವರು ಇವತ್ತು ಸಪ್ಪೆ ಎಂದು ನಗುವ ಊಟ ಆ ನೆಲದ ಮೂಲದ ಊಟವಲ್ಲ. ಬೇಲಿ, ಗಿರಣಿ, ರೇಷನ್ ಕಾರ್ಡು ಮೂರೂ ಸೇರಿ ಬಿಟ್ಟುಹೋದ ಪಳೆಯುಳಿಕೆ.

ಇನ್ನು ಎರಡನೇ ಬಣದವರ "ಹೇಗೆ ಉಳಿಸಿಕೊಂಡಿದ್ದಾರೆ" ಎಂಬ ಮಾತಿಗೆ ಬರೋಣ. ಇದು ಹೆಚ್ಚು ಅಪಾಯದ ಮಾತು, ಏಕೆಂದರೆ ಇದನ್ನು ನಾವು ನಕಲು ಮಾಡುತ್ತಿದ್ದೇವೆ. ಉಳಿಸುವ ಸಾಧನ ಎಂದು ತೋರಿಸುವುದು ಭೌಗೋಳಿಕ ಗುರುತಿನ ಮುದ್ರೆಯನ್ನು. 1990ರ ದಶಕದಿಂದ ಯುರೋಪಿನ ನಿಯಮದಡಿ, ಬ್ರೆಕ್ಸಿಟ್ ನಂತರ 2021ರಿಂದ ತಮ್ಮದೇ ನಿಯಮದಡಿ, ಬ್ರಿಟನ್ನಿನವರು ಊರ ತಿನಿಸುಗಳಿಗೆ ಈ ಮುದ್ರೆ ಒತ್ತುತ್ತಿದ್ದಾರೆ. ನಾನು ಹೊಟ್ಟೆಪಾಡಿಗೆ ಪ್ರಾಜೆಕ್ಟ್ ನಡೆಸುವವನು. ಒಂದು ಪಾಠ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು: ರಿಕ್ವೈರ್‌ಮೆಂಟ್ ಡಾಕ್ಯುಮೆಂಟನ್ನು ಯಾರು ಬರೆಯುತ್ತಾರೋ ಅವರೇ ಪ್ರಾಜೆಕ್ಟಿನ ಯಜಮಾನರು. ಈ ಮುದ್ರೆಯೂ ಅಂಥದೇ ಒಂದು ಡಾಕ್ಯುಮೆಂಟ್. ಅದರ ಒಳಗೆ ಏನು ಬರೆದಿದೆ ಎಂದು ತೆರೆದು ನೋಡಿ.

ಸ್ಟಿಲ್ಟನ್ನನ್ನೇ ತೆಗೆದುಕೊಳ್ಳಿ, ಇಂಗ್ಲೆಂಡಿನ ನೀಲಿ ಗೆರೆಯ ಹೆಸರಾಂತ ಚೀಸ್. ಈ ಹೆಸರು ಬಂದದ್ದು ಸ್ಟಿಲ್ಟನ್ ಎಂಬ ಹಳ್ಳಿಯಿಂದ. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಮೇಲಿದ್ದ ಆ ಹಳ್ಳಿಯ ಛತ್ರಗಳಲ್ಲಿ ಕುದುರೆಗಾಡಿ ಪ್ರಯಾಣಿಕರಿಗೆ ಅದನ್ನು ಮಾರುತ್ತಿದ್ದರು. ಹದಿನೆಂಟನೇ ಶತಮಾನದಲ್ಲೇ ಡೇನಿಯಲ್ ಡೀಫೋ ತನ್ನ ಪ್ರವಾಸದ ಪುಸ್ತಕದಲ್ಲಿ ಇದರ ಪ್ರಸ್ತಾಪ ಮಾಡಿದ್ದಾನೆ. 1996ರಲ್ಲಿ ಮುದ್ರೆ ಸಿಕ್ಕಿತು. ನಿಯಮ ಏನು? ಡರ್ಬಿಷೈರ್, ಲೆಸ್ಟರ್‌ಷೈರ್, ನಾಟಿಂಗ್‌ಹ್ಯಾಮ್‌ಷೈರ್, ಈ ಮೂರು ಕೌಂಟಿಗಳಲ್ಲಿ ಮಾತ್ರ ಮಾಡಬೇಕು. ಸ್ಟಿಲ್ಟನ್ ಹಳ್ಳಿ ಇರುವುದು ಕೇಂಬ್ರಿಜ್‌ಷೈರಿನಲ್ಲಿ. ಆದ್ದರಿಂದ ಸ್ಟಿಲ್ಟನ್‌ನಲ್ಲಿ ಸ್ಟಿಲ್ಟನ್ ಮಾಡುವುದು ಕಾನೂನುಬಾಹಿರ! ಇದು ನಗೆಯ ಭಾಗ. ನೋವಿನ ಭಾಗ ಮುಂದಿದೆ. ಹಾಲು ಪಾಶ್ಚರೀಕರಿಸಿದ್ದೇ ಆಗಿರಬೇಕು ಎಂದು ನಿಯಮ ಹೇಳುತ್ತದೆ. ಶತಮಾನಗಳ ಕಾಲ ಕಾಯಿಸದ ಹಾಲಿನಿಂದಲೇ ಆಗುತ್ತಿದ್ದ ಚೀಸ್ ಇದು. ಮುದ್ರೆಗೆ ಅರ್ಜಿ ಹಾಕುವ ಹೊತ್ತಿಗೆ ಉಳಿದಿದ್ದ ತಯಾರಕರೆಲ್ಲ ಪಾಶ್ಚರೀಕರಣಕ್ಕೆ ಬದಲಾಗಿದ್ದರು. ತಾವು ಆಗ ಮಾಡುತ್ತಿದ್ದುದನ್ನೇ ಪರಂಪರೆ ಎಂದು ಬರೆಸಿದರು. 2006ರಲ್ಲಿ ಜೋ ಷ್ನೈಡರ್ ಮತ್ತು ರ‍್ಯಾಂಡಾಲ್ಫ್ ಹಾಡ್ಜ್‌ಸನ್ ಅದೇ ನಾಟಿಂಗ್‌ಹ್ಯಾಮ್‌ಷೈರಿನಲ್ಲಿ ಹಳೆಯ ರೀತಿಯಲ್ಲಿ, ಕಾಯಿಸದ ಹಾಲಿನಿಂದ ಆ ಚೀಸ್ ಮಾಡತೊಡಗಿದರು. ಅದನ್ನು ಸ್ಟಿಲ್ಟನ್ ಎಂದು ಕರೆಯುವಂತಿಲ್ಲ. ಹಳ್ಳಿಯ ಪುರಾತನ ಹೆಸರನ್ನು ಹುಡುಕಿ 'ಸ್ಟಿಚೆಲ್ಟನ್' ಎಂದು ಇಟ್ಟುಕೊಂಡರು. ಪರಂಪರೆಯನ್ನು ಪಾಲಿಸಿದವನಿಗೇ ಪರಂಪರೆಯ ಹೆಸರು ಇಲ್ಲ.

ಇನ್ನೊಂದು ಉದಾಹರಣೆ, ನ್ಯೂಕಾಸಲ್ ಬ್ರೌನ್ ಏಲ್ ಎಂಬ ಬಿಯರ್. ನ್ಯೂಕಾಸಲ್‌ನಲ್ಲೇ ತಯಾರಾಗಬೇಕೆಂಬ ನಿಯಮದೊಂದಿಗೆ 2000ದಲ್ಲಿ ಮುದ್ರೆ ಪಡೆಯಿತು. ಆಮೇಲೆ ಕಂಪನಿಗೆ ಕಾರ್ಖಾನೆಯನ್ನು ಟೈನ್ ನದಿಯ ಆಚೆ ದಡಕ್ಕೆ ಸಾಗಿಸುವುದು ಅನುಕೂಲವೆನಿಸಿತು. ಏನು ಮಾಡಿದರು? ಮುದ್ರೆಯನ್ನೇ ರದ್ದು ಮಾಡಿ ಎಂದು ತಾವೇ ಕೇಳಿಕೊಂಡರು. 2007ರಲ್ಲಿ ರದ್ದಾಯಿತು. 2010ರಲ್ಲಿ ತಯಾರಿಕೆ ಯಾರ್ಕ್‌ಷೈರಿಗೆ ಹೋಯಿತು. ಬಾಟಲಿಯ ಮೇಲೆ ನ್ಯೂಕಾಸಲ್ ಹಾಗೇ ಉಳಿಯಿತು.

ಕಾರ್ನಿಷ್ ಪೇಸ್ಟಿಗೆ, ಅಂದರೆ ಕಾರ್ನ್‌ವಾಲ್ ಗಣಿ ಕಾರ್ಮಿಕರ ಬುತ್ತಿಯಾಗಿದ್ದ ಮಾಂಸದ ಕಡುಬಿಗೆ, 2011ರಲ್ಲಿ ಮುದ್ರೆ ಬಂತು. ಆಕಾರ ಅರ್ಧಚಂದ್ರ, ಅಂಚು ಪಕ್ಕದಲ್ಲೇ ಮಡಚಿರಬೇಕು, ಮಾಂಸ ಕನಿಷ್ಠ ಶೇ. 12.5, ತರಕಾರಿ ಶೇ. 25. ಕಾರ್ನ್‌ವಾಲ್‌ನಲ್ಲೇ ಕಟ್ಟಬೇಕು. ಆದರೆ ಒಳಗಿನ ಮಾಂಸ, ಆಲೂಗಡ್ಡೆ ಕಾರ್ನ್‌ವಾಲ್ ರೈತನದೇ ಆಗಿರಬೇಕಿಲ್ಲ. ಅಂಚಿನ ಮಡಿಕೆಗೆ ಕಾನೂನು ಉಂಟು, ರೈತನಿಗೆ ಇಲ್ಲ.

ವೆನ್ಸ್ಲಿಡೇಲ್ ಚೀಸ್‌ನ ಕತೆ ಇವೆಲ್ಲಕ್ಕಿಂತ ಕಣ್ಣು ತೆರೆಸುವಂಥದು. ಯಾರ್ಕ್‌ಷೈರಿನ ಹಾಸ್ ಎಂಬ ಊರಿನ ಚೀಸ್ ಕಾರ್ಖಾನೆಯನ್ನು 1992ರಲ್ಲಿ ಡೈರಿ ಕ್ರೆಸ್ಟ್ ಎಂಬ ದೊಡ್ಡ ಕಂಪನಿ ಮುಚ್ಚಿ, ತಯಾರಿಕೆಯನ್ನು ಲ್ಯಾಂಕಷೈರಿಗೆ ಒಯ್ದಿತು. ಈ ಎರಡು ಕೌಂಟಿಗಳ ಹಳೇ ಜಿದ್ದು ಗೊತ್ತಿದ್ದವರಿಗೆ ಇದು ಎಂಥ ಅವಮಾನ ಎಂದು ಬಿಡಿಸಿ ಹೇಳಬೇಕಿಲ್ಲ. ಆರು ತಿಂಗಳೊಳಗೆ ಅಲ್ಲಿನ ಮಾಜಿ ಮ್ಯಾನೇಜರುಗಳು ಮತ್ತು ಊರಿನ ಒಬ್ಬ ವ್ಯಾಪಾರಿ ಸೇರಿ ಕಾರ್ಖಾನೆಯನ್ನು ಕೊಂಡು ಮತ್ತೆ ಶುರು ಮಾಡಿದರು. ಆಗ ಯಾವ ಮುದ್ರೆಯೂ ಇರಲಿಲ್ಲ. ಊರವರ ಹಟ ಇತ್ತು, ಕೆಲಸ ಬಲ್ಲ ಕೈಗಳಿದ್ದವು. ಮುದ್ರೆ ಬಂದದ್ದು 2013ರಲ್ಲಿ. 2021ರಲ್ಲಿ ಆ ಕಾರ್ಖಾನೆಯನ್ನು ಕೊಂಡದ್ದು ಸಪುಟೊ ಎಂಬ ಕೆನಡಾದ ಕಂಪನಿ. ಅದಕ್ಕೆ ಎರಡು ವರ್ಷ ಮುಂಚೆ ಡೈರಿ ಕ್ರೆಸ್ಟನ್ನು ಕೊಂಡಿದ್ದದ್ದೂ ಅದೇ ಸಪುಟೊ. ಮುದ್ರೆ ಊರಿನ ಹೆಸರನ್ನು ಕಾಯಿತು, ಒಡೆತನವನ್ನು ಕಾಯಲಿಲ್ಲ. ಕಾಯುವುದು ಅದರ ಕೆಲಸವೂ ಆಗಿರಲಿಲ್ಲ.

ಹೆಸರೇ ಮಾರುವ ಸರಕಾದರೆ, ಇಲ್ಲದ ಊರನ್ನೂ ಹುಟ್ಟಿಸಬಹುದಲ್ಲ? ಅದೂ ಆಯಿತು. 2016ರಲ್ಲಿ ಟೆಸ್ಕೋ ತನ್ನ ಮಾಂಸ, ತರಕಾರಿ, ಹಣ್ಣುಗಳಿಗೆ 'ವುಡ್‌ಸೈಡ್ ಫಾರ್ಮ್ಸ್', 'ಬಾಸ್ವೆಲ್ ಫಾರ್ಮ್ಸ್' ಇತ್ಯಾದಿ ಏಳು ಹೆಸರುಗಳನ್ನು ಇಟ್ಟಿತು. ಅವು ಮಾರಾಟಕ್ಕಾಗಿ ಕಟ್ಟಿದ ಬ್ರಾಂಡುಗಳು. ರೈತರ ಸಂಘ ದೂರು ಕೊಟ್ಟಿತು. ಇದೇ ಅವಧಿಯಲ್ಲಿ ನಿಜವಾದ ರೈತರ ಗತಿ ಏನಾಗಿತ್ತು? 1990ರ ದಶಕದ ನಡುವೆ ಬ್ರಿಟನ್ನಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಹೈನು ಫಾರ್ಮುಗಳಿದ್ದವು. ಇವತ್ತು ಹತ್ತು ಸಾವಿರಕ್ಕಿಂತ ಕಡಿಮೆ. 2015ರಲ್ಲಿ ಹಾಲಿನ ದರ ಕುಸಿದಾಗ ಸ್ಟ್ಯಾಫರ್ಡಿನ ರೈತರು ಹಸುಗಳನ್ನೇ ಸೂಪರ್ ಮಾರ್ಕೆಟ್ಟಿನೊಳಗೆ ನಡೆಸಿಕೊಂಡು ಹೋದರು. ಮುದ್ರೆಗಳ ಪಟ್ಟಿ ಬೆಳೆಯುತ್ತಿತ್ತು, ಕೊಟ್ಟಿಗೆಗಳು ಖಾಲಿಯಾಗುತ್ತಿದ್ದವು.

ಹಳ್ಳಿಗಾಡಿನ ನೋಟವನ್ನು ಕಾಯುವವರಲ್ಲೂ ಇದೇ ರೋಗ. ಲೇಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳಲ್ಲಿ ಹರ್ಡ್‌ವಿಕ್ ಕುರಿಗಳು ಬೇಲಿಯಿಲ್ಲದೆ ಮೇಯುತ್ತವೆ. ತಮ್ಮ ಗಡಿ ಯಾವುದೆಂದು ಮರಿಗಳು ತಾಯಿಯಿಂದ ಕಲಿಯುತ್ತವೆ. ಮಕ್ಕಳ ಕತೆಗಳ ಬಿಯಾಟ್ರಿಕ್ಸ್ ಪಾಟರ್ 1943ರಲ್ಲಿ ತೀರಿಕೊಂಡಾಗ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದಳು. ನೆಲದ ಜೊತೆಗೆ ಕುರಿಯೂ ಉಳಿಯಬೇಕೆಂಬುದು ಆಕೆಯ ಷರತ್ತು. ಅದೇ ಟ್ರಸ್ಟ್ 2016ರಲ್ಲಿ ಬಾರೊಡೇಲ್ ಕಣಿವೆಯ ಥಾರ್ನಿತ್ವೈಟ್ ಫಾರ್ಮಿನ ಸುಮಾರು 300 ಎಕರೆ ಜಮೀನು ಕೊಂಡಿತು, ಫಾರ್ಮಿನ ಮನೆಯನ್ನು ಮಾತ್ರ ಕೊಳ್ಳಲಿಲ್ಲ. ಟ್ರಸ್ಟಿಗೆ ಪರಿಸರ ರಕ್ಷಣೆಯ ಸಮರ್ಥನೆ ಇತ್ತು. ಆದರೆ ಮನೆಯಿಲ್ಲದ ಜಮೀನಿನಲ್ಲಿ ಕುರುಬ ಎಲ್ಲಿರುತ್ತಾನೆ? ಲೇಖಕ ಮೆಲ್ವಿನ್ ಬ್ರ್ಯಾಗ್ ಸೇರಿದಂತೆ ಹಲವರು ಸಿಡಿದೆದ್ದರು. ಮರುವರ್ಷ ಯುನೆಸ್ಕೊ ಲೇಕ್ ಡಿಸ್ಟ್ರಿಕ್ಟನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದೂ ಅಲ್ಲಿನ ಕುರಿ ಸಾಕಣೆಯ ಬದುಕನ್ನು ಹೊಗಳಿ.

"ಮುದ್ರೆ ಇಲ್ಲದಿದ್ದರೆ ನಕಲಿಗಳು ನುಂಗಿಬಿಡುತ್ತವೆ" ಎಂಬ ವಾದ ಇದೆ. ಅದು ಹುಸಿಯಲ್ಲ. ಚೆಡ್ಡರ್ ಎಂಬ ಹೆಸರಿಗೆ ರಕ್ಷಣೆ ಇಲ್ಲದ್ದರಿಂದಲೇ ಲೋಕದ ಯಾವ ಮೂಲೆಯಲ್ಲಾದರೂ ಚೆಡ್ಡರ್ ಮಾಡಬಹುದಾಗಿದೆ. ಮುದ್ರೆಯೇ ಬೇಡ ಎನ್ನುವುದು ನನ್ನ ವಾದವಲ್ಲ. ಒಳ್ಳೆಯ ಮುದ್ರೆ ಹೇಗಿರುತ್ತದೆ ಎಂಬುದಕ್ಕೂ ಅಲ್ಲೇ ಉದಾಹರಣೆ ಇದೆ: ಸಿಂಗಲ್ ಗ್ಲಾಸ್ಟರ್ ಚೀಸ್. ಗ್ಲಾಸ್ಟರ್ ತಳಿಯ ಹಸುಗಳು 1970ರ ದಶಕದ ಆರಂಭದಲ್ಲಿ ಅಳಿವಿನ ಅಂಚಿಗೆ ಬಂದಿದ್ದವು. ಚಾರ್ಲ್ಸ್ ಮಾರ್ಟೆಲ್ ಎಂಬ ರೈತ ಕೆಲವನ್ನು ಕೊಂಡು, ಅವುಗಳ ಹಾಲಿನಿಂದ ಚೀಸ್ ಮಾಡತೊಡಗಿದ. ಇವತ್ತು ಆ ಚೀಸ್‌ನ ನಿಯಮ ಹೇಳುವುದು ಇಷ್ಟು: ಮಾಡುವವನ ಫಾರ್ಮಿನಲ್ಲಿ ಗ್ಲಾಸ್ಟರ್ ತಳಿಯ ಹಸುಗಳು ಇರಲೇಬೇಕು. ಹೆಸರು ಬೇಕೇ, ಹಸು ಸಾಕು. ಹೆಸರನ್ನು ಪ್ರಾಣಿಗೂ ನೆಲಕ್ಕೂ ಗಂಟು ಹಾಕಿದ ಮುದ್ರೆ ಕೆಲಸ ಮಾಡುತ್ತದೆ. ಹೆಸರನ್ನು ಹೆಸರಿಗೇ ಗಂಟು ಹಾಕಿದ್ದು ದೊಡ್ಡ ಕಾರ್ಖಾನೆಯ ಕಾವಲುಗಾರನಾಗುತ್ತದೆ.

ಕಸುಬನ್ನು ನಿಜವಾಗಿ ಉಳಿಸಿದ್ದು ಇನ್ನೊಂದು: ಕೊಳ್ಳುವವರು. 1971ರಲ್ಲಿ ನಾಲ್ವರು ಗೆಳೆಯರು ಒಳ್ಳೆಯ ಬಿಯರ್‌ಗಾಗಿ ಶುರು ಮಾಡಿದ ಕಾಮ್ರಾ ಚಳವಳಿ ಸಣ್ಣ ಬಿಯರ್ ತಯಾರಕರಿಗೆ ಜೀವ ಕೊಟ್ಟಿತು. ಮೇಜರ್ ಪ್ಯಾಟ್ರಿಕ್ ರ‍್ಯಾನ್ಸ್ ಎಂಬ ಹಳ್ಳಿ ಅಂಗಡಿಯವ ಅಳಿದುಳಿದ ಚೀಸ್‌ಗಳನ್ನು ಹುಡುಕಿ ಮಾರಿ, 1982ರಲ್ಲಿ ಅವುಗಳ ಮೇಲೆ ಪುಸ್ತಕ ಬರೆದ. 1979ರಲ್ಲಿ ಶುರುವಾದ ಲಂಡನ್ನಿನ ನೀಲ್ಸ್ ಯಾರ್ಡ್ ಡೈರಿ ಅಂಗಡಿ ಫಾರ್ಮುಗಳಿಗೇ ಹೋಗಿ ಕೊಂಡು ತಂದಿತು. 2024ರಲ್ಲಿ ಇದೇ ಅಂಗಡಿಗೆ ಯಾರೋ ಮೋಸ ಮಾಡಿ 22 ಟನ್ ಚೆಡ್ಡರ್ ಹೊತ್ತೊಯ್ದರು. ಅಂಗಡಿ ನಷ್ಟವನ್ನು ತಾನೇ ನುಂಗಿ, ಚೀಸ್ ಮಾಡಿದವರಿಗೆ ಪೂರ್ತಿ ದುಡ್ಡು ಕೊಟ್ಟಿತು. ಪರಂಪರೆಯನ್ನು ಉಳಿಸುವುದು ಎಂದರೆ ಇದು: ಮಾಡಿದವನ ದುಡ್ಡು ಮುಟ್ಟುವುದು.

ನಮಗೇಕೆ ಇದೆಲ್ಲ? ಏಕೆಂದರೆ ಪುಣೆ, ಹೈದರಾಬಾದ್, ದೆಹಲಿಯಲ್ಲಿ ಕೂತ ನಾವು ಊರಿನ ಯಾವುದೋ ಪದಾರ್ಥಕ್ಕೆ ಜಿಐ ಸಿಕ್ಕಿತೆಂಬ ಸುದ್ದಿಯನ್ನು ವಾಟ್ಸಾಪಿನಲ್ಲಿ ಹಂಚಿ, ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತೇವೆ. ನಂಜನಗೂಡು ರಸಬಾಳೆಗೆ ಜಿಐ ಇದೆ. ಸೊರಗು ರೋಗ ಆ ಮುದ್ರೆಯನ್ನು ನೋಡಿ ಹಿಂದೆ ಸರಿಯಲಿಲ್ಲ. ದೇವನಹಳ್ಳಿ ಚಕ್ಕೋತಕ್ಕೂ ಜಿಐ ಇದೆ. ವಿಮಾನ ನಿಲ್ದಾಣದ ಸುತ್ತ ಎಕರೆಯ ಬೆಲೆ ಏರಿದಾಗ ಅದು ಒಂದು ಮರವನ್ನೂ ತಬ್ಬಿ ಹಿಡಿಯಲಿಲ್ಲ. ಇಂಗ್ಲೆಂಡು ನಮಗಿಂತ ನೂರು ವರ್ಷ ಮುಂಚೆ ಹಳ್ಳಿ ಬಿಟ್ಟ ದೇಶ. ಅದು ಎಡವಿದ ಕಲ್ಲಿಗೇ ನಾವೂ ಎಡವಬೇಕಿಲ್ಲ.

ಆದ್ದರಿಂದ ಮುಂದಿನ ಸಲ ಯಾರಾದರೂ ಜಿಐ ಸುದ್ದಿ ಕಳಿಸಿದರೆ ಚಪ್ಪಾಳೆಯ ಚಿತ್ರ ಒತ್ತುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಈ ನಿಯಮ ಬರೆದವರು ಯಾರು? ಕಚ್ಚಾ ಪದಾರ್ಥ ಯಾರ ಹೊಲದ್ದು? ಕೊಟ್ಟ ಬೆಲೆಯಲ್ಲಿ ಬೆಳೆದವನ ಕೈಗೆ ಎಷ್ಟು? ಹತ್ತು ವರ್ಷದ ಹಿಂದೆ ಇದನ್ನು ಮಾಡುವವರು ಎಷ್ಟಿದ್ದರು, ಈಗ ಎಷ್ಟು? ಉತ್ತರ ಸಿಗದಿದ್ದರೆ ಮುದ್ರೆಯನ್ನು ಬದಿಗಿಟ್ಟು, ಊರಿಗೆ ಹೋದಾಗ ಬೆಳೆದವರ ಮನೆಗೇ ಹೋಗಿ ಚೌಕಾಸಿ ಮಾಡದೆ ಕೊಂಡುಕೊಳ್ಳಿ. ಅಷ್ಟಕ್ಕೆ ತಿಂಗಳ ಸಂಬಳದಲ್ಲಿ ನಮಗೆ ತೂತು ಬೀಳುವುದಿಲ್ಲ.